ಹಿತ್ತಲ ಗಿಡವೂ ಮದ್ದೇ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಲ್ಲಿ ಗಿಡದ ದೋಷವೇನೂ ಇಲ್ಲ. ದೋಷವಿರುವುದು ಹಿತ್ತಲಿನ ಬಾಗಿಲಲ್ಲಿ ನಿಂತು ದೂರದ ಬೆಟ್ಟವನ್ನೇ ನೋಡುವವನ ಕಣ್ಣಿನಲ್ಲಿ. ಹೆಸರಾದುದು ದೊಡ್ಡದು, ಹೆಸರಾಗದುದು ಸಣ್ಣದು ಎಂದು ಬಗೆಯುವುದು ಮನುಷ್ಯನ ಹಳೆಯ ಅಭ್ಯಾಸ. ಈ ಅಭ್ಯಾಸಕ್ಕೆ ಪ್ರತಿ ವಾರವೂ ತಪ್ಪದೆ ಅಂಕಗಳಲ್ಲಿ ದಂಡ ವಿಧಿಸುವ ವಿನೋದವೊಂದು ಇಂಗ್ಲೆಂಡಿನಲ್ಲಿ ಹುಟ್ಟಿ, ಈಗ ಬೆಂಗಳೂರಿನ ಮನೆಗಳ ಹಜಾರಕ್ಕೂ ಬಂದು ಕುಳಿತಿದೆ. ಅದರ ಹೆಸರು ಫ್ಯಾಂಟಸಿ ಫುಟ್‌ಬಾಲ್.

ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 20 ಕ್ಲಬ್ಬುಗಳು ಸೆಣಸುತ್ತವೆ. ಒಂದು ಋತುವಿನಲ್ಲಿ ಒಂದೊಂದು ಕ್ಲಬ್ಬಿಗೂ 38 ಪಂದ್ಯಗಳು. 2002ರಲ್ಲಿ ಲೀಗಿನವರು ಇದರ ಜತೆಗೇ ಒಂದು ಕಾಲ್ಪನಿಕ ಆಟವನ್ನೂ ಆರಂಭಿಸಿದರು. ಭಾಗವಹಿಸುವವನ ಕೈಗೆ 10 ಕೋಟಿ ಪೌಂಡುಗಳ ಸುಳ್ಳು ಹಣ ಬರುತ್ತದೆ. ಆ ಹಣದಲ್ಲಿ ಆತ 15 ಮಂದಿ ಆಟಗಾರರನ್ನು ಕೊಳ್ಳಬೇಕು: ಇಬ್ಬರು ಗೋಲ್‌ಕೀಪರುಗಳು, ಐವರು ರಕ್ಷಣಾ ಆಟಗಾರರು, ಐವರು ಮಿಡ್‌ಫೀಲ್ಡರುಗಳು, ಮೂವರು ಮುಂಚೂಣಿಯವರು. ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಜನರನ್ನು ಆರಿಸುವಂತಿಲ್ಲ. ಪ್ರತಿ ವಾರ ಹನ್ನೊಂದು ಮಂದಿಯನ್ನು ಕಣಕ್ಕಿಳಿಸಿ, ಒಬ್ಬನನ್ನು ನಾಯಕನನ್ನಾಗಿ ಮಾಡಬೇಕು. ನಾಯಕನ ಅಂಕ ಇಮ್ಮಡಿ. ವಾರದ ಮೊದಲ ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ ಬಾಗಿಲು ಮುಚ್ಚಿತು. ಆಮೇಲೆ ಪಶ್ಚಾತ್ತಾಪಕ್ಕೆ ಮಾತ್ರ ಅವಕಾಶ. 2024–25ರ ಋತುವಿನಲ್ಲಿ ಜಗತ್ತಿನಾದ್ಯಂತ 1 ಕೋಟಿ 10 ಲಕ್ಷಕ್ಕೂ ಹೆಚ್ಚು ತಂಡಗಳು ಈ ಆಟದಲ್ಲಿದ್ದವು ಎಂದರೆ ಇದರ ಆಕರ್ಷಣೆಯನ್ನು ಊಹಿಸಬಹುದು.

ಅಂಕಗಳ ಲೆಕ್ಕವೂ ಸರಳವೇ. 60 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಆಡಿದವನಿಗೆ 2 ಅಂಕ, ಅದಕ್ಕಿಂತ ಕಡಮೆ ಆಡಿದವನಿಗೆ 1. ಮುಂಚೂಣಿಯವನು ಗೋಲು ಹೊಡೆದರೆ 4, ಮಿಡ್‌ಫೀಲ್ಡರನಿಗೆ 5, ರಕ್ಷಣಾ ಆಟಗಾರನಿಗೆ 6. ಗೋಲಿಗೆ ಚೆಂಡನ್ನು ಒದಗಿಸಿಕೊಟ್ಟವನಿಗೆ 3. ತಂಡ ಒಂದೂ ಗೋಲು ಬಿಟ್ಟುಕೊಡದಿದ್ದರೆ ರಕ್ಷಣೆಯವರಿಗೂ ಗೋಲ್‌ಕೀಪರನಿಗೂ 4. ಪಂದ್ಯದ ಶ್ರೇಷ್ಠರಿಗೆ 1ರಿಂದ 3ರವರೆಗೆ ಹೆಚ್ಚಿನ ಉಡುಗೊರೆ. ಹಳದಿ ಕಾರ್ಡು ಕಂಡವನಿಗೆ 1 ಅಂಕದ ಕಡಿತ, ಕೆಂಪು ಕಾರ್ಡಿಗೆ 3ರ ಕಡಿತ.

ಇಷ್ಟನ್ನು ಕೇಳಿದವರು, ‘ಹಾಗಾದರೆ ಹೆಸರಾಂತ ಹದಿನೈದು ಮಂದಿಯನ್ನು ಕೊಂಡರೆ ಮುಗಿಯಿತಲ್ಲ!’ ಎನ್ನಬಹುದು. ಮುಗಿಯುವುದಿಲ್ಲ. ಹೆಸರಿಗೆ ಬೆಲೆಯುಂಟು. 2024–25ರ ಆರಂಭದಲ್ಲಿ ಮ್ಯಾಂಚೆಸ್ಟರ್ ಸಿಟಿಯ ಎರ್ಲಿಂಗ್ ಹಾಲಂಡ್ ಒಬ್ಬನಿಗೇ 1.5 ಕೋಟಿ ಪೌಂಡು ತೆರಬೇಕಾಗಿತ್ತು. ಅಂಥವರು ಇಬ್ಬರು ಮೂವರು ಮನೆಗೆ ಬಂದರೆಂದರೆ ಉಳಿದವರಿಗೆ ಗಂಜಿಯೇ ಗತಿ. ತಿಂಗಳ ಸಂಬಳದಲ್ಲಿ ಬಾಡಿಗೆ, ಶಾಲೆಯ ಫೀಸು, ಹಾಲಿನ ಲೆಕ್ಕಗಳನ್ನು ತೂಗಿಸುವ ಗೃಹಿಣಿಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಧಾರಾಳವಾಗಿ ವೆಚ್ಚ ಮಾಡಬೇಕಾದರೆ ಇನ್ನೊಂದು ಕಡೆ ಅಗ್ಗದಲ್ಲಿ ಒಳ್ಳೆಯದನ್ನು ಹುಡುಕಬೇಕು. ಜನರ ಕಣ್ಣಿಗೆ ಬೀಳದ ಆಟಗಾರನ ಅಗತ್ಯ ಹುಟ್ಟುವುದು ಇಲ್ಲಿ.

ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದುದು. ಯಾವ ಆಟಗಾರನನ್ನು ನೂರಕ್ಕೆ ಎಷ್ಟು ತಂಡಗಳು ಇಟ್ಟುಕೊಂಡಿವೆ ಎಂಬುದನ್ನು ಈ ಆಟದಲ್ಲಿ ಬಹಿರಂಗವಾಗಿಯೇ ತೋರಿಸುತ್ತಾರೆ. ನೂರರಲ್ಲಿ ಅರವತ್ತು ಮಂದಿ ಇಟ್ಟುಕೊಂಡಿರುವ ಆಟಗಾರನೊಬ್ಬ ಗೋಲು ಹೊಡೆದನೆನ್ನಿ. ಅವನನ್ನು ಇಟ್ಟುಕೊಂಡವನು ಮುಂದೆ ಹೋಗುವುದು ಉಳಿದ ನಲವತ್ತು ಮಂದಿಗಿಂತ ಮಾತ್ರ. ಅರವತ್ತು ಮಂದಿಯೂ ಅವನ ಜತೆಯಲ್ಲೇ ಒಂದು ಮೆಟ್ಟಿಲು ಏರಿರುತ್ತಾರೆ. ನೂರಕ್ಕೆ ನಾಲ್ವರು ಮಾತ್ರ ಆರಿಸಿದವನು ಅದೇ ಗೋಲನ್ನು ಹೊಡೆದರೆ ತೊಂಬತ್ತಾರು ಮಂದಿ ಹಿಂದೆ ಬೀಳುತ್ತಾರೆ. ಗೋಲು ಒಂದೇ, ಫಲ ಬೇರೆ. ಆದರೂ ಹೆಚ್ಚಿನ ಜನ ವಾರ ವಾರವೂ ಪಕ್ಕದವನ ಪಟ್ಟಿಯನ್ನು ನೋಡಿಯೇ ತಮ್ಮ ಪಟ್ಟಿಯನ್ನು ತಿದ್ದುತ್ತಾರೆ. ಜನ ಮರುಳೋ ಜಾತ್ರೆ ಮರುಳೋ ಎಂಬ ಪ್ರಶ್ನೆಗೆ ಇಲ್ಲಿಯೂ ಉತ್ತರ ದೊರೆತಿಲ್ಲ.

ಹಾಗಾದರೆ ಯೋಗ್ಯನಾದವನು ಕಣ್ಣಿಗೆ ಬೀಳದೆ ಉಳಿಯುವುದಾದರೂ ಹೇಗೆ? ಲೀಗಿನ ಇತಿಹಾಸದಲ್ಲಿ ಇದಕ್ಕೆ ಹಲವು ಉತ್ತರಗಳಿವೆ.

ಮೊದಲನೆಯದು, ಹಣೆಪಟ್ಟಿಯ ತಪ್ಪು. 2019–20ರಲ್ಲಿ ಶೆಫೀಲ್ಡ್ ಯುನೈಟೆಡ್ ಕ್ಲಬ್ಬು ಕೆಳಗಿನ ದರ್ಜೆಯಿಂದ ಆಗ ತಾನೇ ಮೇಲಕ್ಕೆ ಬಂದಿತ್ತು. ಅದರ ಜಾನ್ ಲಂಡ್‌ಸ್ಟ್ರಾಮ್ ಹಿಂದಿನ ಋತುವಿನಲ್ಲಿ ಹೆಚ್ಚು ಪಂದ್ಯಗಳನ್ನು ಆಡಿದವನಲ್ಲ. ಆದುದರಿಂದ ಫ್ಯಾಂಟಸಿ ಪಟ್ಟಿಯಲ್ಲಿ ಆತನಿಗೆ ಕಟ್ಟಿದ ಬೆಲೆ ಅತ್ಯಂತ ಕಡಮೆಯದು, 40 ಲಕ್ಷ ಪೌಂಡು. ಪಟ್ಟಿ ಆತನನ್ನು ರಕ್ಷಣಾ ಆಟಗಾರನೆಂದು ನಮೂದಿಸಿತ್ತು. ಆದರೆ ತರಬೇತುದಾರ ಕ್ರಿಸ್ ವೈಲ್ಡರ್ ಆತನನ್ನು ನಿಲ್ಲಿಸಿದ್ದು ಮಿಡ್‌ಫೀಲ್ಡಿನಲ್ಲಿ. ಅಂದರೆ ಮುಂದೆ ನುಗ್ಗಿ ಗೋಲು ಹೊಡೆದರೂ ರಕ್ಷಣೆಯವನ 6 ಅಂಕ. ತಂಡ ಗೋಲು ಬಿಡದಿದ್ದರೆ ಮೇಲೆ 4 ಅಂಕ. 2019ರ ನವೆಂಬರ್ 2ರಂದು ಬರ್ನ್ಲಿ ತಂಡವನ್ನು ಶೆಫೀಲ್ಡ್ 3–0 ಗೋಲುಗಳಿಂದ ಸೋಲಿಸಿದಾಗ ಎರಡು ಗೋಲು ಆತನವು. ಗೋಲುಗಳಿಗೆ 12, ರಕ್ಷಣೆಗೆ 4, ಆಡಿದ್ದಕ್ಕೆ 2, ಉಡುಗೊರೆ 3, ಒಟ್ಟು 21. ಎಷ್ಟೋ ದುಬಾರಿ ಆಟಗಾರರು ತಿಂಗಳಿಡೀ ದುಡಿದು ತರುವಷ್ಟನ್ನು ಈತ ಒಂದು ಮಧ್ಯಾಹ್ನ ತಂದುಹಾಕಿದ. ಅಷ್ಟರಲ್ಲಿ ಜನ ಆತನ ಬಾಗಿಲಿಗೆ ಮುತ್ತಿಗೆ ಹಾಕಿದ್ದರೆಂಬುದು ಬೇರೆ ಮಾತು. ಲಾಭವೆಲ್ಲ ಆಗಸ್ಟಿನಲ್ಲೇ ಪಟ್ಟಿಯನ್ನು ಬದಿಗಿಟ್ಟು ಮೈದಾನವನ್ನು ನೋಡಿದವರದು. ಮರುವರ್ಷ ಪಟ್ಟಿ ತಿದ್ದುಪಡಿಯಾಗಿ ಆತ ಮಿಡ್‌ಫೀಲ್ಡರನಾದ. ಸೊಗಸೂ ಅಲ್ಲಿಗೆ ಮುಗಿಯಿತು.

ಎರಡನೆಯದು, ಅಪರಿಚಿತತೆ. 2012ರಲ್ಲಿ ವೇಲ್ಸಿನ ಸ್ವಾನ್ಸಿ ಕ್ಲಬ್ಬು ಸ್ಪೇನಿನ ರಾಯೊ ವಯೆಕಾನೊದಿಂದ ಮೀಚು ಎಂಬಾತನನ್ನು ಸುಮಾರು 20 ಲಕ್ಷ ಪೌಂಡಿಗೆ ಕೊಂಡಿತು. ಲೀಗಿನ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ಇಂಗ್ಲೆಂಡಿನಲ್ಲಿ ಆತನ ಹೆಸರು ಕೇಳಿದವರು ಕಡಮೆ. ಮೊದಲ ಪಂದ್ಯದಲ್ಲೇ ಆತ ಎರಡು ಗೋಲು ಹೊಡೆದ. ಋತು ಮುಗಿಯುವಾಗ ಲೀಗಿನ ಲೆಕ್ಕಕ್ಕೆ 18 ಗೋಲುಗಳು. ಮರುವರ್ಷ ಎಲ್ಲರಿಗೂ ಆತನೇ ಬೇಕಾದ. ಬೆಲೆಯೂ ಬಹಳ ಏರಿತು. ಗಾಯಗಳಿಂದ ನರಳುತ್ತಿದ್ದ ಆತನಿಗೆ ಆ ಋತುವಿನ ಲೀಗಿನಲ್ಲಿ ದೊರೆತದ್ದು ಎರಡೇ ಗೋಲು. ಜನ ಆತನನ್ನು ಕಾಣದಿದ್ದಾಗ ಆತ ನಿಧಿಯಾಗಿದ್ದ. ಕಂಡಾಗ ನಿಧಿ ತೀರಿಹೋಗಿತ್ತು. ಸಿಕ್ಕಿದ ಒಳ್ಳೆಯದನ್ನು ಹಿಡಿಯುವುದು ಒಂದು ಜಾಣತನ; ಸಮಯ ಬಂದಾಗ ಬಿಡುವುದು ಇನ್ನೊಂದು.

ಮೂರನೆಯದು, ಮನೆತನದ ಮೇಲೆ ಮಗನನ್ನು ಅಳೆಯುವ ರೂಢಿ. ಇದಕ್ಕೆ 2015–16ರ ಲೆಸ್ಟರ್ ಸಿಟಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಹಿಂದಿನ ಋತುವಿನಲ್ಲಿ ಆ ಕ್ಲಬ್ಬು ಕೆಳದರ್ಜೆಗೆ ಉರುಳದೆ ಉಳಿದುಕೊಂಡದ್ದೇ ಕೊನೆಯ ವಾರಗಳ ಪವಾಡ. ಅಂಥ ತಂಡದ ಆಟಗಾರರಿಗೆ ಬೆಲೆ ಕಟ್ಟುವವರಾರು? ಅಲ್ಜೀರಿಯದ ರಿಯಾದ್ ಮಹ್ರೆಜ್ ಫ್ಯಾಂಟಸಿ ಪಟ್ಟಿಯಲ್ಲಿ 55 ಲಕ್ಷಕ್ಕೂ, ಜೇಮಿ ವಾರ್ಡಿ 60 ಲಕ್ಷಕ್ಕೂ ಬಿಕರಿಗಿದ್ದರು. ಮಹ್ರೆಜ್ ಆ ವರ್ಷ 17 ಗೋಲು ಹೊಡೆದು 240 ಅಂಕಗಳೊಡನೆ ಫ್ಯಾಂಟಸಿ ಆಟಕ್ಕೇ ಅಗ್ರಗಣ್ಯನಾದ. ವಾರ್ಡಿ ಸತತವಾಗಿ 11 ಪಂದ್ಯಗಳಲ್ಲಿ ಗೋಲು ಹೊಡೆದು ಲೀಗಿನ ದಾಖಲೆ ಬರೆದ. ಒಟ್ಟು 24 ಗೋಲು. ಲೆಸ್ಟರ್ ಚಾಂಪಿಯನ್ ಆಯಿತು.

ವಾರ್ಡಿಯ ಹಿಂದಿನ ಕಥೆ ಇನ್ನೂ ಮನಮುಟ್ಟುವಂಥದು. ಹದಿನಾರನೆಯ ವಯಸ್ಸಿನಲ್ಲಿ ಶೆಫೀಲ್ಡ್ ವೆಡ್ನೆಸ್‌ಡೇ ಕ್ಲಬ್ಬು ಆತನನ್ನು ಬೇಡವೆಂದು ಕಳುಹಿಸಿತ್ತು. ಮುಂದೆ ಸ್ಟಾಕ್ಸ್‌ಬ್ರಿಜ್ ಎಂಬ ಸಣ್ಣ ಊರಿನ ತಂಡದಲ್ಲಿ ವಾರಕ್ಕೆ 30 ಪೌಂಡಿಗೆ ಆಡುತ್ತ, ಹಗಲು ಹೊತ್ತು ಕಾರ್ಖಾನೆಯಲ್ಲಿ ಮುರಿದ ಅಂಗಗಳಿಗೆ ಕಟ್ಟುವ ಆಧಾರಪಟ್ಟಿಗಳನ್ನು ತಯಾರಿಸುತ್ತಿದ್ದ. 2012ರಲ್ಲಿ ಲೆಸ್ಟರ್ ಆತನನ್ನು ಕೊಂಡಾಗ ವಯಸ್ಸು ಇಪ್ಪತ್ತೈದು. ಆತ ಚುರುಕಾಗಿ ಓಡುತ್ತಿದ್ದುದು ಒಂದೇ ರಾತ್ರಿಯಲ್ಲಿ ಬಂದ ವರವಲ್ಲ. ಸ್ಟಾಕ್ಸ್‌ಬ್ರಿಜ್ಜಿನಲ್ಲಿಯೂ ಹಾಗೆಯೇ ಓಡುತ್ತಿದ್ದ. ನೋಡುವವರು ಬೇರೆ ಮೈದಾನದಲ್ಲಿದ್ದರು, ಅಷ್ಟೇ. ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ಹಿಡಿದು ಹುಡುಗನ ಇಡೀ ಬಾಳಿಗೆ ಬೆಲೆ ಕಟ್ಟುವ ಮನೆಗಳಲ್ಲಿ ಈ ಕಥೆಯನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ತಪ್ಪಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರವಾದುದು: ತಕ್ಕಡಿಯ ದೋಷ. ಅದೇ ಲೆಸ್ಟರಿನಲ್ಲಿ ಎನ್‌ಗೊಲೊ ಕಾಂಟೆ ಎಂಬ ಕುಳ್ಳ ಫ್ರೆಂಚ್ ಆಟಗಾರನಿದ್ದ. ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿಯುವುದರಲ್ಲಿ ಆ ಋತುವಿನಲ್ಲಿ ಲೀಗಿನಲ್ಲೇ ಆತನಿಗೆ ಸಮಾನರಿರಲಿಲ್ಲ. ಮರುವರ್ಷ ಚೆಲ್ಸಿಗೆ ಹೋದ. ಚೆಲ್ಸಿಯೂ ಚಾಂಪಿಯನ್ ಆಯಿತು, ಆಟಗಾರರ ಸಂಘ ಆತನನ್ನೇ ವರ್ಷದ ಶ್ರೇಷ್ಠನೆಂದು ಆರಿಸಿತು. ಆದರೆ ಎರಡು ಋತುಗಳಲ್ಲಿಯೂ ಲೀಗಿನಲ್ಲಿ ಆತ ಹೊಡೆದದ್ದು ಒಂದೊಂದೇ ಗೋಲು. ಚೆಂಡು ಕಸಿದದ್ದಕ್ಕೆ ಫ್ಯಾಂಟಸಿ ಆಟದಲ್ಲಿ ನೇರವಾದ ಅಂಕವಿರಲಿಲ್ಲ. ಎರಡು ಬೇರೆ ಬೇರೆ ತಂಡಗಳನ್ನು ಸಿಂಹಾಸನಕ್ಕೇರಿಸಿದವನು ಲೆಕ್ಕದ ಪುಸ್ತಕದಲ್ಲಿ ಸಾಮಾನ್ಯನಾಗಿಯೇ ಉಳಿದ. ಬೆಳಗಿನಿಂದ ರಾತ್ರಿಯವರೆಗೆ ದುಡಿದರೂ ಮನೆಯ ಆದಾಯದ ಲೆಕ್ಕದಲ್ಲಿ ಹೆಸರು ಕಾಣಿಸದ ತಾಯಂದಿರ ನೆನಪು ಇಲ್ಲಿ ಯಾರಿಗಾದರೂ ಬಂದರೆ ಆಶ್ಚರ್ಯವಿಲ್ಲ.

2025–26ರ ಋತುವಿನಲ್ಲಿ ಈ ತಕ್ಕಡಿಯನ್ನು ಸ್ವಲ್ಪ ಸರಿಪಡಿಸಲಾಯಿತು. ಒಂದು ಪಂದ್ಯದಲ್ಲಿ ಚೆಂಡನ್ನು ಹೊರಗೆ ಸಾಗಿಸುವುದು, ಅಡ್ಡಗಟ್ಟುವುದು, ನಡುವೆಯೇ ತಡೆಹಿಡಿಯುವುದು, ಕಸಿಯುವುದು, ಇವೆಲ್ಲ ಸೇರಿ ಹತ್ತಾದರೆ ರಕ್ಷಣಾ ಆಟಗಾರನಿಗೆ 2 ಅಂಕ. ಮಿಡ್‌ಫೀಲ್ಡರನೂ ಮುಂಚೂಣಿಯವನೂ, ಚೆಂಡನ್ನು ಮರಳಿ ದೊರಕಿಸಿಕೊಂಡದ್ದನ್ನೂ ಸೇರಿಸಿ, ಹನ್ನೆರಡು ಮುಟ್ಟಬೇಕು. ನಿಯಮ ಬದಲಾದ ದಿನ ಆಟಗಾರರು ಬದಲಾಗಿರಲಿಲ್ಲ. ಅವರು ಮೊದಲೂ ಹಾಗೆಯೇ ಬೆವರು ಸುರಿಸುತ್ತಿದ್ದರು. ಆದರೂ ದುರ್ಬಲ ತಂಡಗಳಲ್ಲಿ ವಾರ ವಾರವೂ ದಾಳಿಗೆ ಎದೆಯೊಡ್ಡುತ್ತಿದ್ದ ಅಗ್ಗದ ರಕ್ಷಕರನ್ನು ಜನ ಇದ್ದಕ್ಕಿದ್ದಂತೆ ಕಂಡುಕೊಂಡರು. ಅಳೆಯಲು ಆರಂಭಿಸಿದ ಮೇಲೆಯೇ ಇದ್ದದ್ದು ಕಾಣುವುದು!

ಈ ನಾಲ್ಕೂ ಕಾರಣಗಳನ್ನು ಬಲ್ಲವನು ಶುಕ್ರವಾರ ರಾತ್ರಿ ಪಟ್ಟಿಯ ಮುಂದೆ ಕುಳಿತಾಗ ಏನು ಮಾಡಬೇಕು? ಮೊದಲ ಪ್ರಶ್ನೆ: ಈತ ಆಡುತ್ತಾನೆಯೇ? ಬೆಂಚಿನ ಮೇಲೆ ಕುಳಿತ ಪ್ರತಿಭೆಗೆ ಅಂಕವಿಲ್ಲ. ಕಳೆದ ನಾಲ್ಕೈದು ವಾರಗಳಲ್ಲಿ ಆರಂಭದಿಂದ ಕಣಕ್ಕಿಳಿದು 60 ನಿಮಿಷ ದಾಟಿದವನೇ ನಂಬಿಕಸ್ಥ. ಎರಡನೆಯದು: ಎಲ್ಲಿ ನಿಲ್ಲುತ್ತಾನೆ? ಪಟ್ಟಿಯ ಹಣೆಪಟ್ಟಿಗೂ ಮೈದಾನದ ಸ್ಥಾನಕ್ಕೂ ಅಂತರವಿದ್ದರೆ ಅಲ್ಲಿ ಲಾಭವಿದೆ. ಮೂರನೆಯದು: ಪೆನಾಲ್ಟಿ, ಫ್ರೀ ಕಿಕ್, ಕಾರ್ನರುಗಳ ಹೊಣೆ ಯಾರದು? ಪೆನಾಲ್ಟಿಗಳಲ್ಲಿ ನಾಲ್ಕಕ್ಕೆ ಮೂರರಷ್ಟಾದರೂ ಗೋಲಾಗುತ್ತವೆ. ಮಾಮೂಲಿನವನು ಗಾಯಗೊಂಡಾಗ ಆ ಹೊಣೆ ಯಾವ ಅಪ್ರಸಿದ್ಧನ ಹೆಗಲಿಗೆ ಬೀಳುತ್ತದೆಂದು ತಿಳಿದವನು ಅರ್ಧ ಗೆದ್ದಂತೆ. ನಾಲ್ಕನೆಯದು: ಮುಂದಿನ ಮೂರು ನಾಲ್ಕು ವಾರಗಳ ಎದುರಾಳಿಗಳು ಯಾರು? ಒಂದು ಸುಲಭ ಪಂದ್ಯಕ್ಕಾಗಿ ಕೊಂಡು ಮರುವಾರ ಮಾರುವುದು ಬಾಡಿಗೆ ಮನೆಯ ಸಾಮಾನು ಸಾಗಿಸಿದಂತೆ. ಅರ್ಧ ಗಳಿಕೆ ಗಾಡಿಗೇ ಹೋಗುತ್ತದೆ.

ಐದನೆಯ ಪ್ರಶ್ನೆಯೇ ಮುಖ್ಯವಾದುದು: ಈತನನ್ನು ಜನ ಮರೆತದ್ದೇಕೆ? ಗಾಯದಿಂದ ಚೇತರಿಸಿಕೊಂಡು ಈಗ ತಾನೇ ಮರಳಿದ್ದರೆ, ಹೊಸ ತರಬೇತುದಾರ ಬಂದು ಸ್ಥಾನ ಬದಲಾಯಿಸಿದ್ದರೆ, ಗೋಲಿನ ಸಮೀಪದಿಂದ ಮತ್ತೆ ಮತ್ತೆ ಹೊಡೆದರೂ ಅದೃಷ್ಟ ಕೈಕೊಡುತ್ತಿದ್ದರೆ, ಮರೆವಿನ ಕಾರಣ ಕಳೆಯುತ್ತಿದೆ ಎಂದರ್ಥ, ಅಂಥವನನ್ನು ಕೊಳ್ಳಬಹುದು. ಆತ ಗೋಲಿನ ಹತ್ತಿರವೇ ಸುಳಿಯುವುದಿಲ್ಲ, ತಂಡ ತಿಂಗಳಿಂದ ಗೋಲು ಕಂಡಿಲ್ಲ ಎಂದಾದರೆ ಜನ ಮರೆತದ್ದು ನ್ಯಾಯವೇ. ಯಾರೂ ಕೊಳ್ಳದ ಸೀರೆಯೆಲ್ಲ ಅಪರೂಪದ ಸೀರೆಯಲ್ಲ. ಕೆಲವು ಬಣ್ಣ ಬಿಡುವಂಥವೂ ಇರುತ್ತವೆ. ಹಾಗೆಯೇ, ಕಳೆದ ವಾರ ಮೂವತ್ತು ಗಜದಿಂದ ಕಣ್ಣುಮುಚ್ಚಿ ಹೊಡೆದು ಗೋಲಾದವನ ಹಿಂದೆ ಓಡುವುದೂ ಬೇಡ. ಆ ಅಂಕ ಹಿಂದಿನ ವಾರದ್ದು. ಈ ವಾರದ ಕೊಡಕ್ಕೆ ಹೊಸ ನೀರನ್ನೇ ಸೇದಬೇಕು.

ಇಷ್ಟಾದರೂ ಹದಿನೈದು ಮಂದಿಯೂ ಅಜ್ಞಾತರಾಗಬೇಕೆಂದಲ್ಲ. ಜನ ಮೆಚ್ಚಿದವರಲ್ಲಿ ಬಹುಮಂದಿ ಮೆಚ್ಚುಗೆಗೆ ತಕ್ಕವರೇ. 2024–25ರಲ್ಲಿ ಲಿವರ್‌ಪೂಲಿನ ಮೊಹಮ್ಮದ್ ಸಲಾಹ್ 344 ಅಂಕ ಗಳಿಸಿದ. ‘ಎಲ್ಲರೂ ಇಟ್ಟುಕೊಂಡಿದ್ದಾರೆ, ನನಗೆ ಬೇಡ’ ಎಂದು ಬಿಗುಮಾನ ಮಾಡಿದವರು ಋತುವಿನುದ್ದಕ್ಕೂ ಬಡ್ಡಿ ತೆತ್ತರು. ಅಡಿಪಾಯಕ್ಕೆ ಕಲ್ಲು, ಗೋಡೆಗೆ ಇಟ್ಟಿಗೆ. ಇಬ್ಬರೋ ಮೂವರೋ ಉಪೇಕ್ಷಿತರು ಮನೆಯ ಕಿಟಕಿಗಳಂತೆ ಇದ್ದರೆ ಸಾಕು. ಗೆಳೆಯರ ಪಂಗಡದಲ್ಲಿ ಮುಂದಿರುವವನು ಕಡಮೆ ಸಾಹಸ ಮಾಡಬೇಕು. ಹಿಂದೆ ಬಿದ್ದವನಿಗೆ ಪಕ್ಕದವನ ದಾರಿಯಲ್ಲೇ ನಡೆದು ಪಕ್ಕದವನನ್ನು ಹಿಂದೆ ಹಾಕುವ ಉಪಾಯವಿಲ್ಲ, ಆತ ಸ್ವಲ್ಪ ಧೈರ್ಯ ಮಾಡಲೇಬೇಕು. ವಾರಕ್ಕೆ ಒಂದು ಬದಲಾವಣೆ ಉಚಿತ. ಉಳಿತಾಯವಿಲ್ಲದೆ ಅದಕ್ಕೆ ಮೀರಿದರೆ ಒಂದೊಂದಕ್ಕೆ 4 ಅಂಕದ ದಂಡ. ಹೊಸಬ ಹಳಬನಿಗಿಂತ ನಾಲ್ಕಕ್ಕೂ ಹೆಚ್ಚು ತಂದರೇ ಆ ವಾರ ಲಾಭ. ತಾಳ್ಮೆಗೆಟ್ಟವನ ಸೋಲು ಬಹುಪಾಲು ಈ ದಂಡದ ಕಲಮಿನಲ್ಲೇ ಬರೆದಿರುತ್ತದೆ.

‘ಇದು ಜೂಜಲ್ಲವೆ?’ ಎಂದು ಹಿರಿಯರು ಕೇಳಬಹುದು; ಕೇಳುವುದು ಸರಿಯೇ. ಲೀಗಿನ ಈ ಆಟಕ್ಕೆ ಪ್ರವೇಶಧನವಿಲ್ಲ. ಕಾಸು ಕಟ್ಟದೆ ಆಡುವಂಥದು. ಹಣ ಪಣವೊಡ್ಡುವ ಆನ್‌ಲೈನ್ ಆಟಗಳ ಮಾತೇ ಬೇರೆ. ಅವನ್ನು ನಿಷೇಧಿಸುವ ಕಾಯಿದೆಯನ್ನು ಭಾರತದ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಮಗ ಶನಿವಾರ ಮಧ್ಯಾಹ್ನ ಮೂರೂವರೆಯ ಗಡುವಿಗೆ ಮುನ್ನ ಫೋನು ಹಿಡಿದು ಚಡಪಡಿಸುತ್ತಿದ್ದರೆ ತಂದೆ ಮೊದಲು ವಿಚಾರಿಸಬೇಕಾದದ್ದು ಇಷ್ಟು: ಆತ ಒಡ್ಡುತ್ತಿರುವುದು ಕಾಸನ್ನೋ, ಬುದ್ಧಿಯನ್ನೋ? ಕಾಸಾದರೆ ತಡೆಯಬೇಕು. ಬುದ್ಧಿಯಾದರೆ ಪಕ್ಕದಲ್ಲಿ ಕುಳಿತು, ‘ಈ ಹೆಸರು ಯಾರದಪ್ಪಾ? ಇವನನ್ನು ಏಕೆ ಆರಿಸಿದೆ?’ ಎಂದು ಕೇಳಬಹುದು.

ಆ ಪ್ರಶ್ನೆಗೆ ಹುಡುಗ ಕೊಡುವ ಉತ್ತರದಲ್ಲಿ ಆಟದ ನಿಜವಾದ ಫಲವಿದೆ. ‘ಎಲ್ಲರೂ ಆರಿಸಿದ್ದಾರೆ’ ಎಂದರೆ ಆತ ಇನ್ನೂ ಕಲಿಯಬೇಕು. ‘ಪಟ್ಟಿ ಹೀಗೆ ಹೇಳುತ್ತದೆ, ಆದರೆ ನಾನು ಪಂದ್ಯ ನೋಡಿದೆ; ಇವನು ಬೇರೆ ಕಡೆ ಆಡುತ್ತಾನೆ’ ಎಂದರೆ, ಆತ ಇನ್ನೊಬ್ಬರ ಮಾತಿಗೆ ಮೊದಲು ತನ್ನ ಕಣ್ಣನ್ನು ನಂಬಲು ಕಲಿತಿದ್ದಾನೆ. ಆ ವಾರ ಅಂಕ ಬರಲಿ, ಬಾರದಿರಲಿ. ಮುಂದೆ ಅದೇ ಕಣ್ಣು ತರಗತಿಯ ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕುಳಿತ ಸಹಪಾಠಿಯ ಮೇಲೂ, ಕಚೇರಿಯಲ್ಲಿ ಯಾರೂ ಹೆಸರು ಹಿಡಿದು ಕರೆಯದ ನೌಕರನ ಮೇಲೂ ಬೀಳುವುದುಂಟು.